ಹಳೆ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಬಹುದಾ? ಮುಂಬೈ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

"ವಿಂಡೋಸ್ 10 ನಿಂತು ಹೋಯಿತಂತೆ. ಈಗ ನಮ್ಮ ಕಂಪ್ಯೂಟರ್ ಬಿಸಾಕಬೇಕಾ?" ಮಾಟುಂಗಾದಿಂದ ಡೊಂಬಿವಲಿವರೆಗೆ ಓದುಗರು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಯಂತ್ರಗಳು ಮಾತ್ರ ಬೇರೆ ಬೇರೆ. ಒಬ್ಬರದು ಹೋಟೆಲ್ ಕೌಂಟರಿನಲ್ಲಿ ಬಿಲ್ ಮಾಡುವ ಡೆಸ್ಕ್‌ಟಾಪ್. ಇನ್ನೊಬ್ಬರದು ಸಂಘದ ಕಚೇರಿಯಲ್ಲಿ ಆಮಂತ್ರಣ ಪತ್ರಿಕೆ ಟೈಪ್ ಮಾಡುವ ಕಂಪ್ಯೂಟರ್. ಮತ್ತೊಬ್ಬರದು ಮಗಳು ಕಾಲೇಜಿಗೆ ಒಯ್ಯುತ್ತಿದ್ದ, ಈಗ ಅಪ್ಪ ಪೇಪರ್ ಓದಲು ಬಳಸುವ ಲ್ಯಾಪ್‌ಟಾಪ್.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಸಾಕಬೇಡಿ. ಹಾಗೇ ಬಿಡಲೂ ಬೇಡಿ.

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಲ್ಲಿಸಿತು. ಹಾಗಂತ ನಿಮ್ಮ ಕಂಪ್ಯೂಟರ್ ಅವತ್ತೇ ನಿಲ್ಲಲಿಲ್ಲ, ಇವತ್ತೂ ಆನ್ ಆಗುತ್ತದೆ. ನಿಂತಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತೆಯ ಅಪ್‌ಡೇಟ್. ಹೊಸ ಕಳ್ಳದಾರಿ ಸಿಕ್ಕಾಗ ಅದನ್ನು ಮುಚ್ಚುವವರು ಇನ್ನಿಲ್ಲ. ಬ್ಯಾಂಕ್, ಜಿಎಸ್‌ಟಿ, ಆದಾಯ ತೆರಿಗೆ ಕೆಲಸ ಮಾಡುವ ಕಂಪ್ಯೂಟರ್‌ಗೆ ಇದು ನಿಜವಾದ ಅಪಾಯ. ವಿಂಡೋಸ್ 7ರ ಸಪೋರ್ಟ್ 2020ರ ಜನವರಿಯಲ್ಲೇ ಮುಗಿದಿತ್ತು. ಅದರಲ್ಲಿ ಕ್ರೋಮ್ ಬ್ರೌಸರ್ ಕೂಡ 109ನೇ ಆವೃತ್ತಿಗೇ ನಿಂತಿದೆ. ಇನ್ನೂ ವಿಂಡೋಸ್ 7ರಲ್ಲಿ ಇರುವವರು ಈ ಲೇಖನವನ್ನು ಮೊದಲು ಓದಬೇಕು.

ಕೆಲಸದ ಕ್ರಮ ಬಹಳ ಮುಖ್ಯ. ಹೆಚ್ಚಿನವರು ನೇರವಾಗಿ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ, ಆಮೇಲೆ ಫೋಟೋ ಹೋಯಿತು, ಲೆಕ್ಕ ಹೋಯಿತು ಎಂದು ಅಳುತ್ತಾರೆ. ದಯವಿಟ್ಟು ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಏನೇನು ಬೇಕು

ನಿಮ್ಮ ಫೈಲುಗಳೆಲ್ಲ ಹಿಡಿಯುವಷ್ಟು ಜಾಗದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕನಿಷ್ಠ 8 ಜಿಬಿಯ ಒಂದು ಖಾಲಿ ಪೆನ್ ಡ್ರೈವ್. ಅದರಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ, ಹಾಗಾಗಿ ಮದುವೆ ಫೋಟೋ ಇರುವ ಪೆನ್ ಡ್ರೈವ್ ತರಬೇಡಿ. ಮಿತಿಯಿಲ್ಲದ ಇಂಟರ್ನೆಟ್ ಬೇಕು. ವಿಂಡೋಸ್ 11ರ ಫೈಲು 5 ಜಿಬಿಗಿಂತ ಜಾಸ್ತಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಇದು ಆಗುವ ಕೆಲಸವಲ್ಲ. ಮನೆಯಲ್ಲಿ ಫೈಬರ್ ಇಲ್ಲದಿದ್ದರೆ ಸಂಬಂಧಿಕರ ಮನೆಯಲ್ಲೋ ಸಂಘದ ಕಚೇರಿಯಲ್ಲೋ ಮೊದಲೇ ಡೌನ್‌ಲೋಡ್ ಮಾಡಿ ಪೆನ್ ಡ್ರೈವ್ ತಯಾರಿಸಿಕೊಳ್ಳಿ.

ಕರೆಂಟ್ ಇನ್ನೊಂದು ವಿಷಯ. ಮಳೆಗಾಲದಲ್ಲಿ ಕಲ್ಯಾಣ, ಡೊಂಬಿವಲಿ, ವಸಾಯಿ ಕಡೆ ಇರುವವರು ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಮೇಲೆ ಈ ಕೆಲಸಕ್ಕೆ ಇಳಿಯಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಫುಲ್ ಇರಲಿ, ಚಾರ್ಜರ್ ಕೂಡ ಹಾಕಿರಲಿ.

ಇದೆಲ್ಲದರ ಜೊತೆ ಒಂದು ರಜಾ ದಿನ ಬೇಕು. ನಾಳೆ ರಿಟರ್ನ್ ಫೈಲ್ ಮಾಡಬೇಕು ಎನ್ನುವ ದಿನ ಇದಕ್ಕೆ ಕೈ ಹಾಕಬೇಡಿ.

ಹಂತ 1: ಫೈಲುಗಳ ಪ್ರತಿ ತೆಗೆಯಿರಿ

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಉಳಿದದ್ದು ಏನೇ ತಪ್ಪಿದರೂ ಸರಿಮಾಡಬಹುದು, ಇದು ತಪ್ಪಿದರೆ ಸರಿಮಾಡಲು ಆಗದು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಡಿ ಡ್ರೈವ್‌ನಲ್ಲಿ ಇದೆಯಲ್ಲ, ಏನೂ ಆಗಲ್ಲ ಎಂದು ನಂಬಬೇಡಿ. ಸಿ ಮತ್ತು ಡಿ ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಇನ್‌ಸ್ಟಾಲ್ ಮಾಡುವಾಗ ಒಂದು ತಪ್ಪು ಕ್ಲಿಕ್ ಸಾಕು, ಎರಡೂ ಹೋಗುತ್ತವೆ.

ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಇದ್ದರೆ ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ಕಂಪನಿ ಡೇಟಾ ತೆಗೆಯಿರಿ, ಡೇಟಾ ಫೋಲ್ಡರನ್ನೂ ಬೇರೆಯಾಗಿ ಕಾಪಿ ಮಾಡಿ. ಬ್ರೌಸರ್‌ನಲ್ಲಿ ಉಳಿಸಿದ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನೂ ನೋಡಿಕೊಳ್ಳಿ. ಆಫೀಸ್, ಟ್ಯಾಲಿ, ಕನ್ನಡ ಟೈಪ್ ಮಾಡುವ ಬರಹ, ಆಂಟಿವೈರಸ್, ಯಾವುದಕ್ಕೆ ದುಡ್ಡು ಕೊಟ್ಟಿದ್ದೀರೋ ಅದರ ಲೈಸೆನ್ಸ್ ನಂಬರನ್ನು ಕಾಗದದ ಮೇಲೆ ಬರೆದಿಡಿ.

ಈಗ ಕನ್ನಡದ ಫೈಲುಗಳು. ಬೇರೆ ಮಾರ್ಗದರ್ಶಿಗಳಲ್ಲಿ ಇದು ಸಿಗದು, ಆದರೆ ನಮ್ಮ ಸಂಘ ಸಂಸ್ಥೆಗಳಿಗೆ ಇದೇ ದೊಡ್ಡ ತಲೆನೋವು. ನುಡಿ ಅಥವಾ ಬರಹದಲ್ಲಿ ಹಿಂದೆ ಟೈಪ್ ಮಾಡಿದ ಫೈಲುಗಳು ಬಹಳಷ್ಟು ಯೂನಿಕೋಡ್‌ನಲ್ಲಿ ಇಲ್ಲ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಕಾಯಂ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. ಹಳೆ ಫೈಲುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಮೇಲೆ ನುಡಿಯ ಫಾಂಟ್ ಕೂತಿರುವುದರಿಂದ ಕನ್ನಡವಾಗಿ ಕಾಣುತ್ತದೆ ಅಷ್ಟೆ. ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಡೀ ಸ್ಮರಣ ಸಂಚಿಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಫೈಲ್ ಹಾಳಾಯಿತು ಎಂದು ಅಳಿಸಿ ಹಾಕಿದವರೂ ಇದ್ದಾರೆ. ಹಾಳಾಗಿರುವುದಿಲ್ಲ, ಫಾಂಟ್ ಸಿಗುತ್ತಿಲ್ಲ ಅಷ್ಟೆ.

ಅದಕ್ಕೆ ಮೂರು ಕೆಲಸ ಮಾಡಿ. ಹಳೆ ಸಿಸ್ಟಮ್ ಇನ್ನೂ ಓಡುತ್ತಿರುವಾಗಲೇ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹ, ಶ್ರೀಲಿಪಿಯ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ. ಮುಖ್ಯವಾದ ಫೈಲುಗಳನ್ನು ಪಿಡಿಎಫ್ ಆಗಿಯೂ ಉಳಿಸಿ, ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡಿರುತ್ತದೆ. ಮುಂದೆ ತಿದ್ದಬೇಕಾದ ಫೈಲುಗಳನ್ನು, ಅಂದರೆ ಸದಸ್ಯರ ಪಟ್ಟಿ, ಬೈಲಾ, ಲೆಟರ್‌ಹೆಡ್ ಇಂಥವನ್ನು ಯೂನಿಕೋಡ್‌ಗೆ ಬದಲಾಯಿಸಿ. ನುಡಿ ಮತ್ತು ಬರಹ ಎರಡರಲ್ಲೂ ಇದಕ್ಕೆ ಕನ್ವರ್ಟರ್ ಇದೆ. ಬದಲಾದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಾಡಿಸಿ. ತಪ್ಪು ಆಗುವುದು ಅಲ್ಲೇ.

ಪ್ರತಿ ತೆಗೆದ ಮೇಲೆ ಡಿಸ್ಕ್ ಕಳಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, ನಾಲ್ಕಾರು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಸಂಘದ ದಾಖಲೆಗಳಾದರೆ ಎರಡನೇ ಪ್ರತಿ ಮಾಡಿ ಬೇರೊಬ್ಬರ ಮನೆಯಲ್ಲಿ, ಮೇಲಿನ ಮಹಡಿಯಲ್ಲಿ ಇಡಿ. 2005ರ ಜುಲೈ 26ರ ಮಳೆ ನೋಡಿದ ಊರಿದು, ಕಾರಣ ಬೇರೆ ಹೇಳಬೇಕಾಗಿಲ್ಲ.

ಹಂತ 2: ನಿಮ್ಮ ಯಂತ್ರ ಯಾವುದು ಅಂತ ನೋಡಿ

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಅಲ್ಲಿ ಪ್ರೊಸೆಸರ್, ರ‍್ಯಾಮ್, ಸಿಸ್ಟಮ್ ಟೈಪ್ ಈ ಮೂರು ಸಾಲು ಬರೆದುಕೊಳ್ಳಿ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್, ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಮಾತ್ರ ಬಳಸುವ ಮೆಮೊರಿ.

ಪ್ರೊಸೆಸರ್ ಇಂಟೆಲ್ ಆದರೆ ಅಡ್ಡಗೆರೆಯ ನಂತರದ ಸಂಖ್ಯೆ ನೋಡಿ. ಐ5-7200ಯು ಎಂದಿದ್ದರೆ ಅದು 7ನೇ ತಲೆಮಾರು. ಐ5-8250ಯು ಎಂದರೆ 8ನೇದು. ಐ3-10110ಯು ಎಂದರೆ 10ನೇದು. ವಿಂಡೋಸ್ 11ಕ್ಕೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. "ನನ್ನದು ಐ7, ಹಾಗಾಗಿ ಆಗುತ್ತದೆ" ಎನ್ನುವವರು ಬಹಳ ಜನ. ಐ3, ಐ5, ಐ7 ಎನ್ನುವುದು ದರ್ಜೆ, ವಯಸ್ಸಲ್ಲ. 4ನೇ ತಲೆಮಾರಿನ ಐ7ಗೆ ಆಗುವುದಿಲ್ಲ, 8ನೇ ತಲೆಮಾರಿನ ಐ3ಗೆ ಆಗುತ್ತದೆ.

ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಮುಂದಕ್ಕೆ ಆಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲೊಂದು ಗುಂಡಿ ಇದೆ. ಅದೇ ಸರಣಿಯ 2200ಜಿ, 2400ಜಿ, 2500ಯು ಮುಂತಾದವು ಹಳೆ ವಿನ್ಯಾಸದವು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಲ್ಲ. ಹೆಸರನ್ನು ಪಟ್ಟಿಯಲ್ಲೇ ಹುಡುಕಿ ನೋಡಿ.

ಪ್ರೊಸೆಸರ್ ಜೊತೆಗೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು. ಕಾಗದದ ಮೇಲೆ 4 ಜಿಬಿ ಸಾಕು, ಆದರೆ ನಿಜವಾಗಿ 8 ಇಲ್ಲದೆ ವಿಂಡೋಸ್ 11 ಸುಖವಾಗಿ ಓಡುವುದಿಲ್ಲ. 32 ಜಿಬಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವ ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ಇದು ಆಗುವುದೇ ಇಲ್ಲ.

ಟಿಪಿಎಂ ಅಂದರೆ ಕಂಪ್ಯೂಟರ್ ಒಳಗಿನ ಚಿಕ್ಕ ತಿಜೋರಿ ಇದ್ದಹಾಗೆ. ಗುಪ್ತ ಕೀಲಿಗಳನ್ನು ಅದು ಕಾಯುತ್ತದೆ. ಸೆಕ್ಯೂರ್ ಬೂಟ್ ಅಂದರೆ ಆನ್ ಆಗುವಾಗ ಅಸಲಿ ಸಿಸ್ಟಮ್ ಅಲ್ಲದೆ ಬೇರೇನೂ ಶುರುವಾಗದಂತೆ ತಡೆಯುವ ಏರ್ಪಾಡು. ಇವೆಲ್ಲ ಇದೆಯೋ ಇಲ್ಲವೋ ನೋಡಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ. ಅದನ್ನು ಓಡಿಸಿ.

"ಟಿಪಿಎಂ ಇಲ್ಲ" ಎಂದು ಬಂದ ತಕ್ಷಣ ನಿರಾಶರಾಗಬೇಡಿ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಅದು ಇದ್ದರೂ ಆಫ್ ಆಗಿರುವುದೇ ಹೆಚ್ಚು. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಬಯಾಸ್ ಅಂದರೆ ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನದೇ ಆದ ಸೆಟ್ಟಿಂಗ್. ಅಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಸಾಲು ಹುಡುಕಿ ಆನ್ ಮಾಡಿ.

ಎರಡು ಎಚ್ಚರಿಕೆ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ, ಅಂದರೆ ಡಿಸ್ಕಿಗೆ ಬೀಗ ಹಾಕಿದ್ದರೆ, ಬಯಾಸ್ ಮುಟ್ಟಿದ ಮೇಲೆ ಅದು 48 ಅಂಕೆಗಳ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸಿಗುತ್ತದೆ. ಮೊದಲೇ ಬರೆದಿಟ್ಟುಕೊಂಡು ಬೀಗವನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ.

ಎರಡನೆಯದು: ಸಿಸ್ಟಮ್ ಇನ್‌ಫರ್ಮೇಷನ್ ತೆರೆದಾಗ ಬಯಾಸ್ ಮೋಡ್ ಎದುರು ಲೆಗಸಿ (ಹಳೆ ಪದ್ಧತಿ) ಎಂದಿದ್ದರೆ, ಬಯಾಸ್‌ಗೆ ಹೋಗಿ ಸುಮ್ನೆ ಯುಇಎಫ್ಐ (ಹೊಸ ಪದ್ಧತಿ) ಎಂದು ಬದಲಾಯಿಸಬೇಡಿ. ವಿಂಡೋಸ್ ಏಳುವುದೇ ಇಲ್ಲ. ಬದಲಾಯಿಸಿ ಆಗಿದ್ದರೆ ಗಾಬರಿ ಬೇಡ, ವಾಪಸ್ ಲೆಗಸಿ ಮಾಡಿದರೆ ಎದ್ದು ಕೂರುತ್ತದೆ. ಮೊದಲು ಡಿಸ್ಕಿನ ರಚನೆಯನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಬೇಕು. ವಿಂಡೋಸ್‌ನಲ್ಲೇ ಅದಕ್ಕೆ ಉಪಕರಣ ಇದೆ. ಆದರೆ ಕಮಾಂಡ್ ಟೈಪ್ ಮಾಡಿ ಅಭ್ಯಾಸ ಇಲ್ಲದವರಿಗೆ ನನ್ನ ಸಲಹೆ ಬೇರೆ. ಹೇಗೂ ಬ್ಯಾಕಪ್ ಆಗಿದೆ, ಹೊಸ ಎಸ್‌ಎಸ್‌ಡಿ (ಹಂತ 4ರಲ್ಲಿ ಹೇಳುವ ವೇಗದ ಡಿಸ್ಕ್) ಹಾಕಿ ಮೊದಲಿನಿಂದ ಇನ್‌ಸ್ಟಾಲ್ ಮಾಡಿ. ಅದೇ ಸುಲಭ, ಅಪಾಯವೂ ಕಡಿಮೆ.

ಹಂತ 3: ಯಾವ ದಾರಿ?

ಯಂತ್ರ ಪರೀಕ್ಷೆಯಲ್ಲಿ ಪಾಸಾದರೆ ವಿಂಡೋಸ್ 11ಕ್ಕೆ ಹೋಗಿ. ಅಸಲಿ ವಿಂಡೋಸ್ 10 ಇರುವವರಿಗೆ ಅದು ಉಚಿತ. ವಿಂಡೋಸ್ 7 ಅಥವಾ 8ರ ಹಳೆ ಕೀಲಿಯಿಂದ ಹೊಸದನ್ನು ಚಾಲೂ ಮಾಡುವ ದಾರಿ ಹಿಂದೆ ಇತ್ತು, ಮೈಕ್ರೋಸಾಫ್ಟ್ ಅದನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಈಗಲೂ ಆಗುತ್ತದೆ ಎನ್ನುವ ಹಳೆ ವಿಡಿಯೋ ನೋಡಿ ಸಮಯ ಹಾಳು ಮಾಡಬೇಡಿ.

ಯಂತ್ರ ಫೇಲಾಯಿತು, ಆದರೆ ಟ್ಯಾಲಿ, ಬಿಲ್ಲಿಂಗ್ ಸಾಫ್ಟ್‌ವೇರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಿಟ್ಟು ಕೆಲಸ ನಡೆಯದು ಎನ್ನುವವರು ವಿಂಡೋಸ್‌ನಲ್ಲೇ ಇರಬೇಕು. ಅಂಥವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೇ ಭದ್ರತೆಯ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆ ತಂದಿತು. ಮನೆ ಬಳಕೆಯ ಕಂಪ್ಯೂಟರ್‌ಗೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ ಸಿಂಕ್ ಮಾಡಿದರೆ ಉಚಿತ, ಇಲ್ಲದಿದ್ದರೆ 30 ಡಾಲರ್ ಅಥವಾ ರಿವಾರ್ಡ್ಸ್‌ನ 1000 ಪಾಯಿಂಟ್. ಇದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಇದು ಶಾಶ್ವತ ಪರಿಹಾರ ಅಲ್ಲ. ಹೊಸ ಯಂತ್ರಕ್ಕೆ ದುಡ್ಡು ಕೂಡಿಸಿಕೊಳ್ಳಲು ಸಿಗುವ ಸಮಯ ಎಂದು ತಿಳಿಯಿರಿ.

ಯಂತ್ರ ಫೇಲಾಯಿತು, ಕೆಲಸ ಬ್ರೌಸರ್, ಮೇಲ್, ಯೂಟ್ಯೂಬ್, ಪತ್ರ ಟೈಪಿಂಗ್ ಇಷ್ಟೇ ಎನ್ನುವವರಿಗೆ ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ ಎಂಬ ಸಿಸ್ಟಮ್. ಇದು ಉಚಿತ, ಲೈಸೆನ್ಸ್ ಬೇಕಿಲ್ಲ, ನೋಡಲು ಹಳೆ ವಿಂಡೋಸ್‌ನಂತೆಯೇ ಇದೆ. ಅಪ್ಪ ಅಮ್ಮಂದಿರ ಕಂಪ್ಯೂಟರ್‌ಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ನಾಲ್ಕನೇ ದಾರಿಯ ಬಗ್ಗೆಯೂ ಕೇಳುತ್ತಾರೆ. ಪರೀಕ್ಷೆಯನ್ನು ತಪ್ಪಿಸಿ ಹಳೆ ಯಂತ್ರಕ್ಕೇ ವಿಂಡೋಸ್ 11 ತುರುಕುವುದು. ರೂಫಸ್ ಎಂಬ ಉಪಕರಣದಿಂದ ಅದು ಆಗುತ್ತದೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಂತೂ 24ಎಚ್2 ಆವೃತ್ತಿಯಿಂದ ಮುಂದೆ ಅದು ಬೂಟ್ ಕೂಡ ಆಗದು, ಅಂದರೆ ಏಳುವುದೇ ಇಲ್ಲ. ಅಪ್‌ಡೇಟ್ ಬೇಕು ಅಂತಲೇ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು? ಹಣದ ವ್ಯವಹಾರ ಇರುವ ಕಂಪ್ಯೂಟರ್‌ಗೆ ಇದು ಬೇಡ.

ಹಂತ 4: ಮೊದಲು ಎಸ್‌ಎಸ್‌ಡಿ

ಹಳೆ ಕಂಪ್ಯೂಟರ್ ನಿಧಾನ ಎನ್ನುವವರಲ್ಲಿ ಹೆಚ್ಚಿನವರಿಗೆ ಬೇಕಾದ್ದು ಹೊಸ ಕಂಪ್ಯೂಟರ್ ಅಲ್ಲ, ಎಸ್‌ಎಸ್‌ಡಿ. ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್ ಅದು. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಹಳೆ ಹಾರ್ಡ್ ಡಿಸ್ಕಿನ ಮೇಲೆ ಹೊಸ ಸಿಸ್ಟಮ್ ಹಾಕಿದರೆ ನೀವು ಖಂಡಿತ ಬೇಸರಪಡುತ್ತೀರಿ.

ಹಳೆ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ. 240 ಅಥವಾ 256 ಜಿಬಿ ಸಾಮಾನ್ಯ ಕೆಲಸಕ್ಕೆ ಸಾಕು. ರ‍್ಯಾಮ್ ತರುವ ಮುಂಚೆ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ ಖಚಿತ ಮಾಡಿಕೊಳ್ಳಿ. ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಲ್ಯಾಪ್‌ಟಾಪ್‌ಗೆ ಡಿಡಿಆರ್3ಎಲ್ ಎಂಬ ಕಡಿಮೆ ವೋಲ್ಟೇಜಿನದು ಬೇಕಾಗಬಹುದು. ಹಳೆ ರ‍್ಯಾಮ್ ಕಡ್ಡಿಯ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋದರೆ ಗೊಂದಲವೇ ಇಲ್ಲ.

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದಕ್ಕೆಲ್ಲ ಹೆಸರಾದ ಜಾಗ. ನಕ್ಷೆಯಲ್ಲಿ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದು ಕಾಣಬಹುದು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಬೆಲೆ ಏರಿಳಿಯುತ್ತಲೇ ಇರುತ್ತದೆ, ಎರಡು ಮೂರು ಅಂಗಡಿಯಲ್ಲಿ ಕೇಳಿ. ಜಿಎಸ್‌ಟಿ ಬಿಲ್ ಇಲ್ಲದೆ ಎಸ್‌ಎಸ್‌ಡಿ ಕೊಳ್ಳಬೇಡಿ. ವಾರಂಟಿ ಕೇಳಲು ಹೋದಾಗ ಬಿಲ್ಲೇ ಆಧಾರ.

ಇನ್ನೊಂದು ಸಣ್ಣ ಸಾಮಾನು, ಸಿಆರ್2032 ಎಂಬ ನಾಣ್ಯದಂಥ ಸೆಲ್. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಆ ಸೆಲ್ ಮುಗಿದಿದೆ ಎಂದರ್ಥ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಸೈಟ್ ತೆರೆಯುವುದಿಲ್ಲ, ಅಪ್‌ಡೇಟ್ ಬರುವುದಿಲ್ಲ, ಜನ ಮಾತ್ರ ಇಂಟರ್ನೆಟ್‌ನವರನ್ನು ಬೈಯುತ್ತಿರುತ್ತಾರೆ. ಮುಚ್ಚಳ ಬಿಚ್ಚಿದಾಗಲೇ ಹೊಸದು ಹಾಕಿಬಿಡಿ. ರ‍್ಯಾಮಿನ ಹಿತ್ತಾಳೆ ಬಣ್ಣದ ಅಂಚು ಮಸುಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಒರೆಸಿ. ನಮ್ಮ ಕಡಲ ತೇವಕ್ಕೆ ಅದು ಬೇಗ ಮಸುಕಾಗುತ್ತದೆ. ಬಿಚ್ಚುವ ಮುಂಚೆ ಪ್ಲಗ್ ಕಿತ್ತಿಡುವುದನ್ನು ಮರೆಯಬೇಡಿ.

ಹಂತ 5: ವಿಂಡೋಸ್ 11 ಹಾಕುವವರಿಗೆ

ಸುಲಭದ ದಾರಿ: ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆಯಿರಿ. ಅಲ್ಲೇ ವಿಂಡೋಸ್ 11 ಕಂಡರೆ ಡೌನ್‌ಲೋಡ್ ಒತ್ತಿ. ಕಾಣದಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ಇನ್‌ಸ್ಟಾಲೇಷನ್ ಅಸಿಸ್ಟೆಂಟ್ ತೆಗೆದುಕೊಳ್ಳಿ. ಈ ಎರಡರಲ್ಲೂ ನಿಮ್ಮ ಫೈಲು, ಪ್ರೋಗ್ರಾಂ, ಫಾಂಟ್ ಉಳಿಯುತ್ತವೆ. ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿ ಸಾಮಾನು ಕಳಚಿಡಿ. ಬೇರೆ ಆಂಟಿವೈರಸ್ ಇದ್ದರೆ ತೆಗೆದುಹಾಕಿ. ಮಧ್ಯೆ ಹಲವು ಸಲ ರೀಸ್ಟಾರ್ಟ್ ಆಗುತ್ತದೆ, ಪರದೆ ಕಪ್ಪಾಗುತ್ತದೆ. ಪವರ್ ಬಟನ್ ಮುಟ್ಟಬೇಡಿ.

ಸಿಸ್ಟಮ್ ಟೈಪ್‌ನಲ್ಲಿ 32 ಬಿಟ್ ಎಂದಿದ್ದವರಿಗೆ ಮತ್ತು ಹೊಸ ಎಸ್‌ಎಸ್‌ಡಿ ಹಾಕಿದವರಿಗೆ ಈ ದಾರಿ ಇಲ್ಲ. ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್ ಡ್ರೈವ್ ತಯಾರಿಸಿ ಅದರಿಂದ ಬೂಟ್ ಮಾಡಬೇಕು. ಡೆಲ್, ಲೆನೊವೊ ಆದರೆ ಆನ್ ಮಾಡುವಾಗ ಎಫ್12, ಎಚ್‌ಪಿ ಆದರೆ ಎಫ್9, ಆಸುಸ್ ಲ್ಯಾಪ್‌ಟಾಪ್ ಆದರೆ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ. ಈ ಕೆಲಸದ ಹೊತ್ತಿಗೆ ಹಳೆ ಹಾರ್ಡ್ ಡಿಸ್ಕ್ ಕಳಚಿ ಪಕ್ಕಕ್ಕೆ ಇಡಿ. ಆಗ ತಪ್ಪು ಡಿಸ್ಕ್ ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ಪ್ರಾಡಕ್ಟ್ ಕೀ ಕೇಳಿದರೆ "ನನ್ನ ಬಳಿ ಇಲ್ಲ" ಎಂಬುದನ್ನು ಒತ್ತಿ, ಮೊದಲು ಇದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಆರಿಸಿ. ಅದೇ ಮದರ್‌ಬೋರ್ಡಿನಲ್ಲಿ ಮೊದಲು ಚಾಲೂ ಆಗಿದ್ದ ಡಿಜಿಟಲ್ ಲೈಸೆನ್ಸ್ ಇಂಟರ್ನೆಟ್ ಬಂದ ಮೇಲೆ ತಾನೇ ಗುರುತಾಗುತ್ತದೆ.

ಸುಲಭದ ದಾರಿಯಲ್ಲಿ ಅಪ್‌ಗ್ರೇಡ್ ಆದ ಮೇಲೆ 10 ದಿನದೊಳಗೆ ಪ್ರಿಂಟರ್, ಬಿಲ್ಲಿನ ಥರ್ಮಲ್ ಪ್ರಿಂಟರ್, ಸ್ಕ್ಯಾನರ್, ಸಹಿಯ ಟೋಕನ್, ಟ್ಯಾಲಿ ಎಲ್ಲವನ್ನೂ ಒಮ್ಮೆ ಓಡಿಸಿ. ಯಾವುದಾದರೂ ಕೈಕೊಟ್ಟರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ವಿಂಡೋಸ್ 10ಕ್ಕೆ ಮರಳಬಹುದು. 10 ದಿನ ಕಳೆದರೆ ಆ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಡಿಸ್ಕ್ ಕ್ಲೀನಪ್ ಮಾಡಿ ಹಳೆ ವಿಂಡೋಸ್ ಫೋಲ್ಡರ್ ಅಳಿಸಿದರೂ ಅಷ್ಟೇ. ಸುಮ್ನೆ ಇಟ್ಟುಬಿಡಿ, ಅದು ತಾನೇ ಹೋಗುತ್ತದೆ.

ಆಫೀಸ್ 2016 ಮತ್ತು 2019ಕ್ಕೂ ಅದೇ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ. ಪತ್ರ, ಲೆಕ್ಕದ ಹಾಳೆ ಇಷ್ಟೇ ಬೇಕಿದ್ದರೆ ಉಚಿತವಾದ ಲಿಬ್ರೆ ಆಫೀಸ್ ಹಾಕಿ ನೋಡಿ.

ಹಂತ 6: ಲಿನಕ್ಸ್ ಮಿಂಟ್ ಹಾಕುವವರಿಗೆ

ಮಿಂಟ್ 22 ಆವೃತ್ತಿಗಳಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. 2 ಜಿಬಿ ರ‍್ಯಾಮ್‌ನಲ್ಲೂ ಏಳುತ್ತದೆ, 4 ಇದ್ದರೆ ಹಾಯಾಗಿ ಓಡುತ್ತದೆ. ಪ್ರೊಸೆಸರ್ 64 ಬಿಟ್ ಇರಬೇಕು. ರ‍್ಯಾಮ್ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ, ಸಾಕಷ್ಟಿದ್ದರೆ ಸಿನಮನ್ ಆವೃತ್ತಿ ಆರಿಸಿ.

ಐಎಸ್‌ಒ ಫೈಲನ್ನು, ಅಂದರೆ ಇಡೀ ಸಿಸ್ಟಮ್ ಕಟ್ಟಿಟ್ಟ ಒಂದೇ ಫೈಲನ್ನು, ಮಿಂಟ್‌ನ ಅಧಿಕೃತ ಸೈಟಿನಿಂದಲೇ ಇಳಿಸಿ. ಅದನ್ನು ಪೆನ್ ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ಅಥವಾ ಎಚರ್‌ನಿಂದ ಬರೆಯಬೇಕು. ಪೆನ್ ಡ್ರೈವ್‌ನಿಂದ ಬೂಟ್ ಆದಾಗ ಏನೂ ಇನ್‌ಸ್ಟಾಲ್ ಆಗದೆಯೇ ಪೂರ್ತಿ ಮಿಂಟ್ ತೆರೆಯುತ್ತದೆ. ಇದೇ ಅದರ ದೊಡ್ಡ ಗುಣ. ಅಲ್ಲೇ ವೈಫೈ ಸಿಗುತ್ತದಾ, ಹಾಡು ಕೇಳುತ್ತದಾ, ಪ್ರಿಂಟ್ ಬರುತ್ತದಾ, ಬ್ಯಾಂಕ್ ಸೈಟ್ ತೆರೆಯುತ್ತದಾ ನೋಡಿ. ಬ್ರಾಡ್‌ಕಾಮ್ ವೈಫೈ ಇರುವ ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ವೈಫೈ ಕಾಣದಿರಬಹುದು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಸಿಗುತ್ತದೆ.

ಎಲ್ಲ ಸರಿ ಕಂಡರೆ ಇನ್‌ಸ್ಟಾಲ್ ಐಕಾನ್ ಒತ್ತಿ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೋ ಓಡಿಸಲು ಬೇಕಾದ ಭಾಗ) ಬೇಕಾ ಎಂದು ಕೇಳಿದಾಗ ಹೌದು ಎನ್ನಿ. ನಂತರ ಬರುವ ಪ್ರಶ್ನೆಯಲ್ಲೇ ಎಲ್ಲ ಇದೆ. "ಅಳಿಸಿ ಹಾಕು" ಎಂಬುದು ಇಡೀ ಡಿಸ್ಕನ್ನು, ಅಂದರೆ ಡಿ ಡ್ರೈವ್ ಸಮೇತ, ಖಾಲಿ ಮಾಡುತ್ತದೆ. "ವಿಂಡೋಸ್ ಜೊತೆಗೆ ಇಡು" ಎಂಬುದು ಎರಡನ್ನೂ ಇಡುತ್ತದೆ. ಎರಡೂ ಇಡುವುದಾದರೆ ಮೊದಲೇ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಮಿಂಟ್‌ನಿಂದ ವಿಂಡೋಸ್ ಡಿಸ್ಕಿನಲ್ಲಿ ಬರೆಯಲು ತೊಂದರೆ ಆಗುತ್ತದೆ. ಹಳೆ ಯಂತ್ರಕ್ಕೆ ಎರಡೆರಡು ಸಿಸ್ಟಮ್ ಭಾರ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹಂತ 7: ಕನ್ನಡ ಸರಿಮಾಡಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್. ಅಲ್ಲಿ ಕನ್ನಡ ಸೇರಿಸಿ. ಡಿಸ್‌ಪ್ಲೇ ಭಾಷೆಯಾಗಿ ಬೇಡದಿದ್ದರೆ ಆ ಗುರುತು ತೆಗೆಯಿರಿ. ಕನ್ನಡದ ಕೀಬೋರ್ಡ್ ಎರಡಿವೆ. ಸುಮ್ನೆ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್, ಫೊನೆಟಿಕ್ ಎಂದಿರುವುದು ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಬರುವಂಥದ್ದು. ನುಡಿಯ ಬೆರಳ ಅಭ್ಯಾಸ ಇರುವವರಿಗೆ ಇವೆರಡೂ ಸರಿಹೋಗುವುದಿಲ್ಲ, ಅವರು ನುಡಿಯನ್ನೇ ಹಾಕಿಕೊಂಡು ಅದರಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಲಿ. ಹಳೆ ಫೈಲಿನಲ್ಲಿದ್ದ ತುಂಗಾ ಫಾಂಟ್ ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿ.

ಮಿಂಟ್‌ನಲ್ಲಿ ಕನ್ನಡ ಓದಲು ಏನೂ ಮಾಡಬೇಕಿಲ್ಲ. ಬರೆಯಲು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಅದರ ಎಂ17ಎನ್ ಭಾಗ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬನ್ನಿ. ಲಾಗ್ ಔಟ್ ಮಾಡದೆ "ಬರುತ್ತಿಲ್ಲ" ಎನ್ನುವವರೇ ಜಾಸ್ತಿ. ಕನ್ನಡದ ಕೆಳಗೆ ಕೆಜಿಪಿ ಎಂದಿರುವುದನ್ನು ಸೇರಿಸಿದರೆ ನುಡಿಯ ವಿನ್ಯಾಸವೇ ಸಿಗುತ್ತದೆ. ಹಂತ 1ರಲ್ಲಿ ತೆಗೆದಿಟ್ಟ ನುಡಿ ಫಾಂಟ್‌ಗಳ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಹಳೆ ಫೈಲುಗಳು ಲಿಬ್ರೆ ಆಫೀಸ್‌ನಲ್ಲಿ ಮತ್ತೆ ಕನ್ನಡವಾಗಿ ಕಾಣುತ್ತವೆ.

ಅಂಗಡಿಯವರ ಕೈಗೆ ಕೊಡುವುದಾದರೆ

ಎಲ್ಲರೂ ಇದನ್ನು ಸ್ವತಃ ಮಾಡಲೇಬೇಕು ಎಂದಿಲ್ಲ. ಆದರೆ "ಫಾರ್ಮ್ಯಾಟ್ ಮಾರ್ಕೆ ದೇತಾ ಹೂಂ" ಎಂದ ಕೂಡಲೇ ಯಂತ್ರ ಕೊಟ್ಟು ಬರಬೇಡಿ. ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸುವುದು. ಬ್ಯಾಕಪ್ ಡಿಸ್ಕ್ ಮನೆಯಲ್ಲೇ ಬಿಟ್ಟು ಹೋಗಿ.

ಅಗ್ಗಕ್ಕೆ ಹಾಕಿಕೊಡುವ ಕಳ್ಳ ವಿಂಡೋಸ್ ಬೇಡವೇ ಬೇಡ. ಅದನ್ನು ಚಾಲೂ ಮಾಡುವ ಆ್ಯಕ್ಟಿವೇಟರ್ ಪ್ರೋಗ್ರಾಂಗಳು ಮೊದಲು ಆಂಟಿವೈರಸ್ ಆಫ್ ಮಾಡಲು ಹೇಳುತ್ತವೆ. ಒಳಗೆ ಇನ್ನೇನು ಬಂತು ಎಂದು ಯಾರಿಗೆ ಗೊತ್ತು?

ಇನ್ನೊಂದು ವಿಷಯ ಅಂಗಡಿಯವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ. ವಿಂಡೋಸ್ 11 ಸೆಟಪ್ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಕೆಲಸ ಬೇಗ ಮುಗಿಯಲಿ ಎಂದು ಅವರು ತಮ್ಮದೇ ಖಾತೆ ಹಾಕಿಬಿಡುತ್ತಾರೆ. 24ಎಚ್2ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಡಿಸ್ಕ್ ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ಆ ಬೀಗದ ರಿಕವರಿ ಕೀ ಅವರ ಖಾತೆಗೆ ಹೋಗುತ್ತದೆ. ಮುಂದೆ ಎಂದಾದರೂ ಅದು 48 ಅಂಕೆ ಕೇಳಿದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ. ಹಾಗಾಗಿ ಕೊನೆಯ ಸೆಟಪ್ ಹೊತ್ತಿಗೆ ನೀವೇ ಎದುರಿಗೆ ಕೂತು ನಿಮ್ಮ ಖಾತೆ, ನಿಮ್ಮ ಪಾಸ್‌ವರ್ಡ್ ಹಾಕಿ. ಈಗಾಗಲೇ ಮಾಡಿಸಿಕೊಂಡು ಬಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಯಾರ ಹೆಸರಿದೆ ಎಂದು ಇವತ್ತೇ ನೋಡಿ.

ಹಂತ 8: ಹಳೆ ಡಿಸ್ಕ್ ಏನು ಮಾಡುವುದು

ಕಳಚಿದ ಹಾರ್ಡ್ ಡಿಸ್ಕನ್ನು ಒಂದೆರಡು ತಿಂಗಳು ಹಾಗೇ ಇಡಿ. ಮರೆತ ಫೈಲು ನೆನಪಾಗುವುದು ಆಮೇಲೇ. ಯುಎಸ್‌ಬಿ ಕೇಸಿಂಗ್ ಒಂದು ತಂದರೆ ಅದನ್ನೇ ಎಕ್ಸ್‌ಟರ್ನಲ್ ಡಿಸ್ಕ್ ಆಗಿ ಬಳಸಬಹುದು. ಆದರೆ ಅದೂ ಹಳೆಯದೇ. ನಿಮ್ಮ ಏಕೈಕ ಬ್ಯಾಕಪ್ ಅದರಲ್ಲಿ ಮಾತ್ರ ಇರಬಾರದು.

ಕೆಟ್ಟ ಡಿಸ್ಕ್ ಅಥವಾ ಇಡೀ ಯಂತ್ರವನ್ನು ಭಂಗಾರಿನವನಿಗೆ ತೂಕಕ್ಕೆ ಹಾಕಬೇಡಿ. ಅದರಲ್ಲಿ ನಿಮ್ಮ ಪ್ಯಾನ್, ಆಧಾರ್, ಬ್ಯಾಂಕ್ ಹಾಳೆಗಳ ಫೈಲು ಇರುತ್ತವೆ. ರೀಸೈಕಲ್ ಬಿನ್ ಖಾಲಿ ಮಾಡಿದ ಮಾತ್ರಕ್ಕೆ ಅವು ಹೋಗಿರುವುದಿಲ್ಲ. ಡಿಸ್ಕ್ ಓಡುತ್ತಿದ್ದರೆ ಪೂರ್ತಿ ಅಳಿಸುವ ಉಪಕರಣದಿಂದ ಅಳಿಸಿ. ಓಡದಿದ್ದರೆ ಅದನ್ನು ಕಳಚಿ ಇಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸಾಮಾನು ನೋಂದಾಯಿತ ರೀಸೈಕ್ಲರ್‌ಗೆ ಹೋಗಬೇಕು. ಕೊಡುವ ಮುಂಚೆ ನೋಂದಣಿ ಪತ್ರ ಕೇಳಿ, ಕೊಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ. ಸಂಘದ ಕಂಪ್ಯೂಟರ್ ಆಗಿದ್ದರೆ ಆ ರಸೀದಿ ಲೆಕ್ಕಪತ್ರದ ಫೈಲಿಗೆ ಸೇರಲಿ.